ಎಡಗಡೆಯ ಮನೆ

ನಮ್ಮ ಊರಿನ ಟಾಕೀಸಿನಲ್ಲಿ ಅನಾಹುತದ ಸಿನಿಮಾ ಯಾವುದನ್ನು ತೋರಿಸಿದರೂ ಹನ್ನೊಂದನೆಯ ದಿನಕ್ಕೆ ಆ ಅನಾಹುತ ಊರಿಗೆ ಬರುತ್ತಿತ್ತು. ಪರದೆಯ ಮೇಲಿನಷ್ಟು ದೊಡ್ಡದಾಗಿ ಬರುತ್ತಿರಲಿಲ್ಲ. ಅಲ್ಲಿ ಶಹರವನ್ನೇ ನುಂಗಿದ ನೀರು ನಮ್ಮ ಓಣಿಗಳಲ್ಲಿ ಮೊಣಕಾಲಿನವರೆಗೆ ಏರಿ, ಎರಡು ತಾಸು ನಿಂತು, ಇಳಿದುಹೋಗುತ್ತಿತ್ತು. ಭೂಕಂಪವಾದರೆ ಗೂಡಿನಲ್ಲಿಟ್ಟ ಉಪ್ಪಿನಕಾಯಿ ಭರಣಿಗಳು ಉರುಳುತ್ತಿದ್ದವು. ಬೆಂಕಿ ಕಾರುವ ಬೆಟ್ಟದ ಸಿನಿಮಾ ಬಂದ ವರ್ಷ ಒಂದು ಬೆಳಿಗ್ಗೆ ಪೂರ್ತಿ ಬೂದಿ ಉದುರಿತು. ಜನ ಇದಕ್ಕೆ ಹೊಂದಿಕೊಂಡಿದ್ದರು. ನೀರಿನ ಪೋಸ್ಟರ್ ಹಚ್ಚಿದ ಕೂಡಲೇ ಜೋಳದ ಚೀಲಗಳು ಅಟ್ಟ ಏರುತ್ತಿದ್ದವು, ಭೂಕಂಪದ ಪೋಸ್ಟರ್ ಕಂಡರೆ ಭರಣಿಗಳು ನೆಲಕ್ಕಿಳಿಯುತ್ತಿದ್ದವು. ಬೂದಿಯ ಸುದ್ದಿ ಇದ್ದಾಗ ಯಾರೂ ಮಾಳಿಗೆಯ ಮೇಲೆ ಶಾವಿಗೆ ಒಣಹಾಕುತ್ತಿರಲಿಲ್ಲ. ಮದುವೆಯ ದಿನ ಗೊತ್ತುಮಾಡುವವರು ಪಂಚಾಂಗದ ಜೊತೆ ಟಾಕೀಸಿನ ಬೋರ್ಡನ್ನೂ ನೋಡಿಕೊಂಡು ಬರುತ್ತಿದ್ದರು.

ಹಾಗಾದರೆ ತೋರಿಸುವುದೇ ಬೇಡ ಎಂದು ಒಂದು ವರ್ಷ ನಿಲ್ಲಿಸಿದ್ದರು. ಆಗ ನಾನು ಶಾಲೆಗೆ ಹೋಗುತ್ತಿದ್ದೆ. ಆ ವರ್ಷ ಬಂದದ್ದಕ್ಕೆ ಅಳತೆಯೇ ಇರಲಿಲ್ಲ. ಮೂಡಲ ಗುಡ್ಡ ಜಾರಿ ಒಂಬತ್ತು ಮನೆಗಳು ಹೋದವು. ಅಲ್ಲಿಂದ ವರ್ಷಕ್ಕೊಂದು ಸಿನಿಮಾ ತಪ್ಪಿಲ್ಲ. ಯಾವುದನ್ನು ತರಿಸುವುದು ಎಂದು ಊರ ಸಭೆ ಕೂತು ಆರಿಸುತ್ತದೆ.

ನಾನು ಆ ಟಾಕೀಸಿನಲ್ಲಿ ಅರ್ಥ ಹೇಳುವವನು. ಬೇರೆ ದೇಶಗಳ ಸಿನಿಮಾ ಬಂದರೆ ಪರದೆಯ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಮೈಕು ಹಿಡಿದು, ಯಾರು ಏನು ಅಂದರು ಎಂಬುದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ರೀಲಿನ ಡಬ್ಬಿಯ ಜೊತೆ ಮಾತುಗಳನ್ನೆಲ್ಲ ಇಂಗ್ಲಿಷಿನಲ್ಲಿ ಟೈಪು ಮಾಡಿದ ಹಾಳೆಗಳು ಬರುತ್ತವೆ. ಹಿಂದಿನ ದಿನವೇ ಅವನ್ನು ಓದಿ ತಯಾರಾಗುತ್ತೇನೆ. ಊರಿನವರು ನನ್ನನ್ನು ಅರ್ಥದ ಮಾಸ್ತರ ಎನ್ನುತ್ತಾರೆ. ಚಿದಂಬರ ಎಂಬ ನನ್ನ ಹೆಸರು ಹೆಂಡತಿ ಸುಮಿತ್ರಾಳ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ.

ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದ ಮೇಲೆ, ನೀರು ನುಗ್ಗಿದಾಗ ಜನ ಮೊದಲು ಯಾರ ಹೆಸರು ಕೂಗುತ್ತಾರೆ ಎಂಬುದರಿಂದ ಒಂದು ದೇಶವನ್ನು ಗುರುತಿಸಬಹುದು ಎಂದು ನನಗೆ ಅನಿಸಿತ್ತು. ಸಮುದ್ರದಾಚೆಯ ದೊಡ್ಡ ದೇಶದ ಸಿನಿಮಾಗಳಲ್ಲಿ ಒಬ್ಬ ಗಟ್ಟಿ ಆಳು ಇರುತ್ತಾನೆ, ಅಧಿಕಾರಿಗಳು ಅವನ ಮಾತು ಕೇಳುವುದಿಲ್ಲ, ಅವನು ತನ್ನ ಹೆಂಡತಿ ಮಕ್ಕಳ ಹೆಸರು ಕೂಗುತ್ತ ಒಬ್ಬನೇ ಓಡುತ್ತಾನೆ. ಹಿಮದ ದೇಶದವರು ಕಚೇರಿಗೆ ಫೋನು ಮಾಡುತ್ತಾರೆ, ಸಭೆ ಸೇರುತ್ತಾರೆ, ಪಟ್ಟಿ ಮಾಡುತ್ತಾರೆ, ಯಾರೂ ದನಿ ಏರಿಸುವುದಿಲ್ಲ. ನಮ್ಮ ಕಡೆಯ ಸಿನಿಮಾದಲ್ಲಿ ನಾಯಕ ಪ್ರವಾಹದ ಎದುರು ನಿಂತು ಅವ್ವನ ಹೆಸರು ಕೂಗುತ್ತಾನೆ, ಗುಡಿಯ ಗಂಟೆ ತಾನಾಗಿಯೇ ಹೊಡೆದುಕೊಳ್ಳುತ್ತದೆ. ಊರಿನವರು ತಾವು ನೋಡಿದ್ದನ್ನೇ ಹನ್ನೊಂದನೆಯ ದಿನ ಮಾಡುತ್ತಿದ್ದರು. ಯಾರೂ ಹಾಗೆ ಕಟ್ಟುಪಾಡು ಮಾಡಿರಲಿಲ್ಲ. ಹೇಗೆ ನಡೆದುಕೊಳ್ಳಬೇಕೆಂದು ಬೇರೆ ಗೊತ್ತಿರಲಿಲ್ಲ, ಅಷ್ಟೆ. ದೊಡ್ಡ ದೇಶದ ಸಿನಿಮಾ ಬಂದ ವರ್ಷ ಪೈಲ್ವಾನ ಭರಮಪ್ಪ ಮಾಳಿಗೆಯಿಂದ ಮೊಣಕಾಲುದ್ದ ನೀರಿಗೆ ಹಾರಿ ಕಾಲು ಮುರಿದುಕೊಂಡ. ನಮ್ಮ ಕಡೆಯ ಸಿನಿಮಾ ಬಂದ ವರ್ಷ ಗಂಡಸರೆಲ್ಲ ಅವ್ವಂದಿರನ್ನು ಹೆಗಲ ಮೇಲೆ ಹೊತ್ತುಕೊಂಡು ಓಡಿದರು. ಚೆನ್ನಾಗಿ ನಡೆಯಬಲ್ಲ ಅವ್ವಂದಿರೂ ಹೊರಿಸಿಕೊಂಡರು. ಅತ್ತೆಯಂದಿರು ತಾವೇ ನಡೆದು ಬಂದರು.

ನಾನು ಹೇಳಬೇಕಾದದ್ದು ದ್ವೀಪದ ದೇಶದ ಸಿನಿಮಾ ಬಂದ ವರ್ಷದ್ದು. ಆ ಸಲದ ಸಭೆಯಲ್ಲಿ ಎಣ್ಣೆ ಗಾಣದ ಬಾಳಪ್ಪನವರು ಮೊದಲೇ ಹೇಳಿದ್ದರು: "ಆ ದೊಡ್ಡ ದೇಶದ್ದು ಬ್ಯಾಡ್ರಿ. ಅದರಾಗ ಊರೆಲ್ಲಾ ಮುಳುಗತದ, ಒಬ್ಬಾಂವ ಹೆಂಡ್ತೀನ್ನ ಅಪ್ಪಿಕೊಂಡು ನಿಂತಿರತಾನ. ಉಳಿದವರ ಹೆಣ ಎತ್ತಾವ್ರು ಯಾರು ಅಂತ ಯಾರೂ ಕೇಳಂಗಿಲ್ಲ." ಟಾಕೀಸಿನ ಮಾಲೀಕರಾದ ದಸ್ತಗೀರ್ ಸಾಹೇಬರು, "ದ್ವೀಪದ ದೇಶದ್ದು ಒಂದು ಬಂದದ ಅಂತ್ರಿ. ನೀರಿಂದು. ಭಾಳ ಚಂದ ಅದ ಅಂತಾರ" ಎಂದರು. ಎಲ್ಲರೂ ಒಪ್ಪಿದರು.

ಡಬ್ಬಿ ಬಂತು. ಹಾಳೆಗಳನ್ನು ಮನೆಗೆ ತಂದು ಓದಿದೆ. ಕಡಲ ದಂಡೆಯ ಒಂದು ಊರು. ಅಲ್ಲಿಯ ರೂಢಿ ಏನೆಂದರೆ, ಗಂಟೆ ಬಾರಿಸಿದ ಕೂಡಲೇ ಪ್ರತಿಯೊಬ್ಬರೂ ಮೊದಲು ತಮ್ಮ ಎಡಗಡೆಯ ಮನೆಯ ಬಾಗಿಲು ಬಡಿಯಬೇಕು. ಒಳಗಿದ್ದವರನ್ನು ಗುಡ್ಡಕ್ಕೆ ಮುಟ್ಟಿಸಬೇಕು. ತನ್ನ ಮನೆಯನ್ನು ಬಲಗಡೆಯವನು ನೋಡಿಕೊಳ್ಳುತ್ತಾನೆ. ಕಥೆಯ ನಾಯಕ ಒಬ್ಬ ಅಂಬಿಗ. ಅವನ ಎಡಗಡೆಯ ಮನೆಯಲ್ಲಿ ಒಬ್ಬ ಮುದುಕ, ಇಪ್ಪತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಅಲೆ ಬಂದಾಗ ಅಂಬಿಗ ಆ ಮುದುಕನ ಬಾಗಿಲು ಬಡಿದು, ಅವನನ್ನು ಹೊತ್ತುಕೊಂಡು ಗುಡ್ಡ ಏರುತ್ತಾನೆ. ಆದರೆ ಅವನ ಬಲಗಡೆಯವನು ತನ್ನ ಹೆಂಡತಿ ಮಕ್ಕಳನ್ನು ಕರೆದುಕೊಂಡು ಓಡಿಬಿಟ್ಟಿರುತ್ತಾನೆ. ಅಂಬಿಗನ ಮಗಳು ನೀರುಪಾಲಾಗುತ್ತಾಳೆ. ಆ ಮೇಲೆ ದಿನಾ ಬೆಳಿಗ್ಗೆ ಆ ಬಲಗಡೆಯವನು ಅಂಬಿಗನ ಮನೆಯ ಮುಂದೆ ಬಂದು ನಿಲ್ಲುತ್ತಾನೆ. ಕ್ಷಮೆ ಕೇಳುವುದಿಲ್ಲ, ಸುಮ್ಮನೆ ನಿಲ್ಲುತ್ತಾನೆ. ಸಿನಿಮಾ ಅಲ್ಲಿಗೆ ಮುಗಿಯುತ್ತದೆ.

ಓದಿ ಮುಗಿಸಿದಾಗ ನನ್ನ ಕಣ್ಣು ತಾನಾಗಿ ಎಡಗಡೆಯ ಗೋಡೆಗೆ ಹೋಯಿತು. ಗೋಡೆಯ ಆಚೆ ಇದ್ದವಳು ನೀಲವ್ವ.

ನೀಲವ್ವ ಟಾಕೀಸಿನಲ್ಲಿ ಟಿಕೆಟು ಕೊಡುವವಳು. ಐವತ್ತೈದು ದಾಟಿದ್ದಳು, ಹಿಂದೆ ಮುಂದೆ ಯಾರೂ ಇರಲಿಲ್ಲ. ಹಿಂದಿನ ವರ್ಷ ಮೆಟ್ಟಿಲ ಮೇಲೆ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಕೋಲು ಹಿಡಿದಿದ್ದಳು. ಅವಳ ಕೋಣೆ ರಸ್ತೆಗಿಂತ ಮೂರು ಎತ್ತರದ ಮೆಟ್ಟಿಲು ಕೆಳಗೆ. ನಮ್ಮಿಬ್ಬರಿಗೂ ಸರಿ ಇರಲಿಲ್ಲ, ಕಾರಣ ಹೇಳಲು ಈಗ ನಾಚಿಕೆಯಾಗುತ್ತದೆ. ಎರಡು ವರ್ಷದ ಹಿಂದೆ ಹಿಮದ ದೇಶದ ಸಿನಿಮಾಕ್ಕೆ ನಾನು ಅರ್ಥ ಹೇಳುತ್ತಿದ್ದಾಗ ಅವಳು ಹಿಂದಿನ ಬಾಗಿಲಲ್ಲಿ ನಿಂತು, "ಮಾಸ್ತರ, ಅಕಿ ನಗಾಕತ್ತಾಳ, ನೀವು ಅಳಾಕತ್ತಾಳ ಅಂತ ಹೇಳಾಕತ್ತೀರಿ!" ಎಂದು ಕೂಗಿದ್ದಳು. ನಾನು ಒಂದು ಹಾಳೆ ಮುಂದೆ ಹೋಗಿಬಿಟ್ಟಿದ್ದೆ. ಟಾಕೀಸಿಗೆ ಟಾಕೀಸೇ ನಕ್ಕಿತು. ಆ ನಗೆ ನನಗೆ ಮರೆತಿರಲಿಲ್ಲ.

ಮರುದಿನ ಮೈಕು ಹಿಡಿದಾಗ ನಾನು ಎಡಗಡೆಯ ಮನೆಯ ಮಾತನ್ನೇ ಎತ್ತಲಿಲ್ಲ. ಆ ಮುದುಕ ಅಂಬಿಗನ ಒಡಹುಟ್ಟಿದ ಅಣ್ಣ ಎಂದೆ. ಆಸ್ತಿಯ ಜಗಳದಲ್ಲಿ ದೂರವಾದವರು, ಈಗ ರಕ್ತ ರಕ್ತವನ್ನು ಕರೆಯಿತು ಎಂದೆ. ಖಾಲಿ ಹಾಸಿಗೆಯ ಮುಂದೆ ಕೂತ ತಾಯಿಯನ್ನು ತೋರಿಸಿ, ಮಗಳು ಸೋದರಮಾವನ ಊರಿಗೆ ಹೋಗಿದ್ದಾಳೆ, ನೆನಪಾಗಿ ಅಳುತ್ತಿದ್ದಾಳೆ ಎಂದೆ. ಕೊನೆಯಲ್ಲಿ ಬಂದು ನಿಲ್ಲುವವನನ್ನು ಹುಚ್ಚ ಎಂದೆ. ನಮ್ಮ ಜನ ಮಗಳನ್ನು ಬಿಟ್ಟು ಪಕ್ಕದ ಮನೆಗೆ ಓಡುವವನನ್ನು ಒಪ್ಪುವುದಿಲ್ಲ, ನಮ್ಮ ಸಂಸ್ಕೃತಿಗೆ ಒಗ್ಗುವ ಹಾಗೆ ಹೇಳಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಜನ ಗೋಳೋ ಎಂದು ಅತ್ತರು. ಎದ್ದು ನಿಂತು ಚಪ್ಪಾಳೆ ಹೊಡೆದರು. ಬಾಳಪ್ಪನವರು ಪಂಚೆಯಿಂದ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಹೋದರು.

ನಾನು ಹಾಳೆಗಳನ್ನು ಜೋಡಿಸುತ್ತಿದ್ದಾಗ ನೀಲವ್ವ ಕೋಲು ಊರುತ್ತ ಬಂದಳು. ಎರಡು ವರ್ಷದಲ್ಲಿ ಅವಳಾಗಿಯೇ ಮಾತಾಡಿಸಿದ್ದು ಅದೇ ಮೊದಲು.

"ಮಾಸ್ತರ, ಆ ಮುದುಕ ಅವನ ಅಣ್ಣ ಅಲ್ಲ, ಹೌದಲ್ರಿ?"

"ಹಾಳ್ಯಾಗ ಹಂಗ ಅದ" ಎಂದೆ.

"ಅಣ್ಣ ಆಗಿದ್ರ ಬಾಗಲಾ ಬಡಿತಿದ್ದಿಲ್ರಿ. ನೆಟ್ಟಗ ಒಳಗ ನುಗ್ಗತಿದ್ದ. ಅಂವ ಬಡಿದು, ಹೊರಗ ನಿಂತು, ತಲಿ ಬಗ್ಗಿಸಿದ. ಬ್ಯಾರೆ ಮನಿ ಮಂದಿಗೆ ಮಾಡೂ ಹಂಗ."

"ನಿಮಗ ಆ ಭಾಷಾ ಬರತದೇನ್ರಿ?" ಎಂದು ಕೇಳಿದೆ.

"ನನಗೆಲ್ಲಿಂದ ಬರಬೇಕ್ರಿ" ಎಂದು ಅವಳು ಹೊರಟುಹೋದಳು.

ನೀರು ಬರಲು ಹನ್ನೊಂದು ದಿನ ಇತ್ತು. ಯಾವ ದಿನ ಬೇಕಾದರೂ ನಾನು ದಸ್ತಗೀರ್ ಸಾಹೇಬರ ಹತ್ತಿರ ಹೋಗಿ ನಿಜ ಹೇಳಬಹುದಿತ್ತು. ಹೇಳಲಿಲ್ಲ.

ನೀರು ಯಾವಾಗಲೂ ಮಧ್ಯಾಹ್ನದ ಊಟ ಮುಗಿದ ಮೇಲೆ ಬರುವುದು. ಆ ಸಲ ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತಕ್ಕೇ ಬಂತು. ಎತ್ತರದಲ್ಲಿದ್ದ ಟಾಕೀಸಿನ ಕಡೆಗೆ ಜನ ಹೊರಟರು. ಓಣಿಯ ತುಂಬ ಕೂಗಾಟ. ಅಣ್ಣಾ, ತಂಗೀ, ಕಾಕಾ, ಮಾಮಾ. ವರ್ಷಗಟ್ಟಲೆ ಮಾತು ಬಿಟ್ಟವರು ಒಬ್ಬರ ಬಾಗಿಲು ಒಬ್ಬರು ಬಡಿಯುತ್ತಿದ್ದರು. ಬಾಳಪ್ಪನವರು ಹದಿನಾರು ವರ್ಷದ ಮೇಲೆ ಅವರ ಅಣ್ಣನ ಕೈ ಹಿಡಿದು ನಡೆಸಿಕೊಂಡು ಹೋದದ್ದನ್ನು ನಾನೇ ನೋಡಿದೆ. ಮಗಳು ವನಜಾಳನ್ನು ಎತ್ತಿಕೊಂಡು ಹೊಸ್ತಿಲು ದಾಟುತ್ತಿದ್ದೆ. ಆಗ ಎಡಗಡೆಯ ಗೋಡೆ ಸದ್ದು ಮಾಡಿತು. ಮೂರು ಸಲ. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ.

"ನೀಲವ್ವ ಗ್ವಾಡಿ ಬಡಿಯಾಕತ್ತಾಳ್ರಿ" ಎಂದಳು ಸುಮಿತ್ರಾ.

"ಅಕಿ ಕಡಿಯವರು ಬರತಾರ. ನೀ ನಡಿ ಮೊದಲ."

"ಅಕಿಗೆ ಯಾರ ಅದಾರ್ರಿ?"

ನಾನು ನೀರಿಗೆ ಇಳಿದೆ. ಸುಮಿತ್ರಾ ಒಂದು ಗಳಿಗೆ ನಿಂತು ನನ್ನ ಹಿಂದೆ ಬಂದಳು. ಬೆನ್ನ ಹಿಂದೆ ಆ ಸದ್ದು ಓಣಿಯ ತಿರುವಿನವರೆಗೂ ಕೇಳಿಸುತ್ತಿತ್ತು.

ಟಾಕೀಸಿನ ಬಾಲ್ಕನಿಯಲ್ಲಿ ಜಾತ್ರೆಯ ಗದ್ದಲ. ಯಾರೋ ಚುರುಮುರಿ ಹಂಚುತ್ತಿದ್ದರು. ಒಂದು ತಾಸು ಕಳೆದಿರಬೇಕು, ದಸ್ತಗೀರ್ ಸಾಹೇಬರು ಎದ್ದು ನಿಂತು ಕೇಳಿದರು: "ನೀಲವ್ವ ಎಲ್ಲೆ? ಯಾರ ಜೋಡಿ ಬಂದ್ಲು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

"ಮಾಸ್ತರ, ನಿಮ್ಮ ಬಾಜೂಕ ಇರತಾಳಲ್ರಿ?"

"ನಾ ನೋಡಲಿಲ್ರಿ" ಎಂದೆ. ಸುಮಿತ್ರಾ ಪಕ್ಕದಲ್ಲೇ ಇದ್ದಳು. ತಲೆ ತಗ್ಗಿಸಿದಳು.

ಸಾಹೇಬರಿಗೆ ಆಗ ಅರವತ್ತೆಂಟು. ಸಿನಿಮಾ ಮಷೀನು ಓಡಿಸುವ ಇಬ್ಬರನ್ನು ಕರೆದುಕೊಂಡು ಅವರೇ ನೀರಿಗಿಳಿದರು. ನೀಲವ್ವನ ಬಾಗಿಲು ಹೊರಕ್ಕೆ ತೆರೆಯುವುದು, ನೀರಿನ ಒತ್ತಡಕ್ಕೆ ಬಿಗಿದು ಕೂತಿತ್ತು. ಹಾರೆ ಹಾಕಿ ಮೀಟಬೇಕಾಯಿತು. ರಸ್ತೆಯಲ್ಲಿ ಮೊಣಕಾಲುದ್ದ ಇದ್ದ ನೀರು ಅವಳ ಕೋಣೆಯಲ್ಲಿ ಆಳುದ್ದಕ್ಕೆ ಏರಿತ್ತು. ಅವಳು ಮಂಚದ ಮೇಲೆ ನಿಂತು, ಗೋಡೆಯ ಗೂಟ ಹಿಡಿದುಕೊಂಡು, ಎದೆಮಟ್ಟದ ನೀರಿನಲ್ಲಿ ನಡುಗುತ್ತಿದ್ದಳಂತೆ. ಅವಳನ್ನು ಬಾಲ್ಕನಿಗೆ ಹೊತ್ತು ತಂದು ಮಲಗಿಸಿದಾಗ ಬಲಗೈ ಕಂಬಳಿಯ ಹೊರಗೆ ಬಿತ್ತು. ಬೆರಳ ಗೆಣ್ಣುಗಳ ಚರ್ಮ ಕಿತ್ತುಹೋಗಿತ್ತು. ಸುಮಿತ್ರಾ ಆ ಕೈಯನ್ನು ಎತ್ತಿ ಒಳಗಿಟ್ಟಳು. ನಾನು ಪರದೆಯ ಕಡೆ ನೋಡುತ್ತ ನಿಂತೆ, ಅದರ ಮೇಲೆ ಏನೂ ಇರಲಿಲ್ಲ.

ನೀಲವ್ವ ಇಪ್ಪತ್ತು ದಿನ ಜ್ವರದಲ್ಲಿ ಮಲಗಿದಳು. ಎದ್ದ ಮೇಲೆ ಒಂದು ಕೋಲು ಸಾಲದೆ ಎರಡು ಬೇಕಾದವು. ಗೋಡೆ ಬಡಿದದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ನನಗೂ ಹೇಳಲಿಲ್ಲ. ಸುಮಿತ್ರಾ ದಿನಾ ಅವಳಿಗೆ ಗಂಜಿ ಒಯ್ಯುತ್ತಿದ್ದಳು, ನನ್ನನ್ನು ಬಾ ಎಂದು ಕರೆಯಲಿಲ್ಲ. ಮನೆಯಲ್ಲಿ ಮಾತು ನಿಂತಿರಲಿಲ್ಲ. ಎಣ್ಣೆ ಮುಗಿದಿದೆ, ವನಜಾಳ ಶಾಲೆಯಲ್ಲಿ ಕರೆದಿದ್ದಾರೆ, ಇಂಥವು ನಡೆಯುತ್ತಿದ್ದವು. ಆದರೆ ನಾನು ಏನಾದರೂ ತಮಾಷೆ ಹೇಳಿದರೆ ಅವಳು ಕೆಲಸ ನಿಲ್ಲಿಸಿ, ಮುಗಿಯಲಿ ಎಂದು ಕಾಯುತ್ತಿದ್ದಳು.

ಎಲ್ಲಕ್ಕಿಂತ ಕಷ್ಟವಾದದ್ದು ಶಾಲು. ಮುರಿದ ಮನೆಗಳು ಕೂಡಿದವು, ಅದಕ್ಕೆ ಮಾಸ್ತರು ಹೇಳಿದ ಅರ್ಥವೇ ಕಾರಣ ಎಂದು ಶಾಲೆಯ ಅಂಗಳದಲ್ಲಿ ನನಗೆ ಸನ್ಮಾನ ಇಟ್ಟುಕೊಂಡರು. ಬಾಳಪ್ಪನವರ ಅಣ್ಣನೇ ತಮ್ಮ ಕೈಯಿಂದ ಶಾಲು ಹೊದಿಸಿದರು. ನೀಲವ್ವ ಮುಂದಿನ ಸಾಲಿನಲ್ಲಿ ಕೂತಿದ್ದಳು. ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟಿದಳು. ಗೆಣ್ಣುಗಳ ಮೇಲೆ ಹೊಸ ಚರ್ಮ ಬಂದು ಬೆಳ್ಳಗಾಗಿದ್ದು ವೇದಿಕೆಯ ಮೇಲಿಂದ ನನಗೆ ಕಾಣಿಸುತ್ತಿತ್ತು. ಎರಡು ಮಾತು ಹೇಳಿ ಎಂದು ಮೈಕು ಕೊಟ್ಟರು. ನಾನು ಅದನ್ನು ಹಾಗೆಯೇ ತಿರುಗಿ ಕೊಟ್ಟೆ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು.

ಆ ಶಾಲನ್ನು ನಾನು ಟ್ರಂಕಿನ ತಳಕ್ಕೆ ಹಾಕಿದೆ. ನೀಲವ್ವನ ಬಾಗಿಲ ಮುಂದೆ ಹಾದುಹೋಗುವುದನ್ನು ಬಿಟ್ಟು ಹಿಂದಿನ ಓಣಿಯಿಂದ ಸುತ್ತಿ ಟಾಕೀಸಿಗೆ ಹೋಗತೊಡಗಿದೆ. ಆ ಸಿನಿಮಾದ ಬಲಗಡೆಯವನು ನನಗಿಂತ ಎಷ್ಟೋ ವಾಸಿ ಎಂದು ದಾರಿಯಲ್ಲಿ ಅನಿಸುತ್ತಿತ್ತು. ಅವನು ದಿನಾ ಹೋಗಿ ಎದುರಿಗೆ ನಿಲ್ಲುತ್ತಿದ್ದ.

ಮುಂದಿನ ವರ್ಷದ ಸಭೆ ಸೇರಿತು. ಯಾವ ದೇಶದ್ದು ತರಿಸೋಣ ಎಂಬ ಮಾತು ಶುರುವಾಗುವ ಮೊದಲೇ ನಾನು ಎದ್ದು ನಿಂತೆ. ಹೋದ ವರ್ಷದ ಸಿನಿಮಾದ ಅರ್ಥ ನಾನು ಹೇಳಿದಂತಿರಲಿಲ್ಲ ಎಂದೆ. ಮುದುಕ ಅಣ್ಣನಲ್ಲ, ಎಡಗಡೆಯ ಮನೆಯವನು ಎಂದೆ. ಮಗಳು ಸತ್ತಳು ಎಂದೆ. ಗೋಡೆಯ ಸದ್ದು ಕೇಳಿಯೂ ಹೊರಟುಹೋದೆ ಎಂದು ಹೇಳುವಾಗ ದನಿ ಎಷ್ಟು ಸಣ್ಣದಾಯಿತೆಂದರೆ ಹಿಂದೆ ಕೂತವರು "ಏನಂದ್ರು?" ಎಂದು ಮುಂದಿನವರನ್ನು ಕೇಳಿದರು. ಅದನ್ನು ನಾನು ಎರಡನೆಯ ಸಲ ಗಟ್ಟಿಯಾಗಿ ಹೇಳಬೇಕಾಯಿತು.

ಬೈಗುಳಕ್ಕೆ ನಾನು ತಯಾರಾಗಿ ಬಂದಿದ್ದೆ. ಯಾರೂ ಬೈಯಲಿಲ್ಲ. "ಆತು ಬಿಡ್ರಿ, ಜೀವಕ್ಕೇನೂ ಆಗಲಿಲ್ಲಲ್ಲ" ಎಂದರು ಒಬ್ಬರು. "ನಾವೂ ಅಕಿನ್ನ ಮರತೇವಿ, ನಿಮ್ಮೊಬ್ಬರದೇನೈತಿ" ಎಂದರು ಇನ್ನೊಬ್ಬರು. ಆ ಮಾತಿನಲ್ಲಿ ಅವರಿಗೂ ಬಿಡುಗಡೆ ಇತ್ತು. ಬಾಳಪ್ಪನವರು ಮಾತ್ರ ಸಿಟ್ಟಾದರು. ಅವರ ಅಣ್ಣ ಆಗಲೇ ತೀರಿಕೊಂಡು ಎರಡು ತಿಂಗಳಾಗಿತ್ತು.

"ನಿಮ್ಮ ಮಾತು ನಂಬಿ ನಾ ನಮ್ಮ ಅಣ್ಣನ ಬಾಗಲಾ ಬಡಿದೆ. ಸಾಯೂ ಮುಂದ ಅಂವ ನನ್ನ ಕೈಯಾಗಿನ ನೀರು ಕುಡದ. ಈಗ ಬಂದು ಅದೆಲ್ಲಾ ಸುಳ್ಳು ಅಂತೀರೇನ್ರಿ?"

ಕೂರಲೂ ಆಗದೆ ನಿಲ್ಲಲೂ ಆಗದೆ ಇದ್ದೆ. ಆಗ ನೀಲವ್ವ ಕೂತಲ್ಲಿಂದಲೇ ಹೇಳಿದಳು: "ಬಾಳಪ್ಪಣ್ಣ, ನೀವು ಬಡದದ್ದು ಸುಳ್ಳಲ್ಲ. ನಾ ಬಡದದ್ದೂ ಸುಳ್ಳಲ್ಲ. ಅದ ಸಿನಿಮಾ ಇನ್ನೊಮ್ಮೆ ತರಸ್ರಿ. ಈ ಸಲ ಇದ್ದದ್ದು ಇದ್ದಂಗ ಹೇಳಲಿ."

"ಮತ್ತ ನೀರು ಬರತದಲ್ಲವ್ವ. ನಿನಗ ತ್ರಾಸು" ಎಂದರು ಸಾಹೇಬರು.

"ಬರಲ್ರಿ. ನೋಡೂಣು."

ಅದೇ ಡಬ್ಬಿ ಮತ್ತೆ ಬಂತು. ಈ ಸಲ ನಾನು ಹಾಳೆಯಲ್ಲಿ ಇದ್ದದ್ದನ್ನು ಬಿಟ್ಟು ಒಂದು ಅಕ್ಷರ ಹೇಳಲಿಲ್ಲ. ಟಾಕೀಸು ತಣ್ಣಗೆ ಕೂತಿತ್ತು. ಅಂಬಿಗ ಮುದುಕನ ಬಾಗಿಲು ಬಡಿಯುವಾಗ ಹಿಂದಿನಿಂದ ಒಬ್ಬಳು, "ಮಗಳನ್ನ ಬಿಟ್ಟು ಎಲ್ಲಿಗೆ ಹೊಂಟ್ಯೋ, ಹಾಳಾದವನ!" ಎಂದು ಪರದೆಗೆ ಬೈದಳು. ಖಾಲಿ ಹಾಸಿಗೆಯ ದೃಶ್ಯಕ್ಕೆ ಕೆಲವರು ಎದ್ದು ಹೋದರು. ಮುಗಿದಾಗ ಒಂದು ಚಪ್ಪಾಳೆಯೂ ಬೀಳಲಿಲ್ಲ. ಇಂಥ ಸಿನಿಮಾ ಯಾಕೆ ಬೇಕಿತ್ತು ಎಂದು ಗೊಣಗುತ್ತ ಜನ ಮನೆಗೆ ಹೋದರು.

ಹತ್ತನೆಯ ದಿನ ಸಾಹೇಬರು ಅವಳಿಗೆ ಟಾಕೀಸಿನ ಮೇಲಿನ ಕೋಣೆಗೆ ಬಂದಿರು ಎಂದು ಹೇಳಿ ಕಳಿಸಿದರು. ಅವಳು ಒಲ್ಲೆ ಎಂದಳು. ಬಾಗಿಲನ್ನು ಮಾತ್ರ ಒಳಕ್ಕೆ ತೆರೆಯುವ ಹಾಗೆ ಬಡಿಗನಿಂದ ಮಾಡಿಸಿಕೊಂಡಳು.

ಹನ್ನೊಂದನೆಯ ದಿನ ನಾನು ಬೆಳಗಿನಿಂದ ಜಗಲಿಯ ಮೇಲೆ ಕಾದು ಕೂತಿದ್ದೆ. ಹೇಗೆ ಬಾಗಿಲು ಬಡಿಯಬೇಕು, ಏನು ಹೇಳಬೇಕು, ಹೇಗೆ ಎತ್ತಿಕೊಳ್ಳಬೇಕು, ಎಲ್ಲವನ್ನೂ ಮನಸ್ಸಿನಲ್ಲಿ ನಡೆಸಿ ನೋಡಿದ್ದೆ. ಅವಳನ್ನು ಹೊತ್ತುಕೊಂಡು ಎಲ್ಲರ ಎದುರು ಟಾಕೀಸಿನ ಮೆಟ್ಟಿಲು ಹತ್ತುವುದನ್ನೂ ನೋಡಿದ್ದೆ. ಮಧ್ಯಾಹ್ನ ಒಂದು ಗಂಟೆಗೆ ನೀರು ಬಂತು. ನಾನು ಎದ್ದು ನಿಂತು ಪಂಚೆ ಮೇಲೆ ಕಟ್ಟಿದೆ. ಅಷ್ಟರಲ್ಲಿ ನಮ್ಮ ಬಲಗಡೆಯ ಮನೆಯ ಹೆಣ್ಣುಮಗಳು ಬಂದು, ಸಿನಿಮಾದಲ್ಲಿದ್ದಂತೆಯೇ ನಮ್ಮ ಬಾಗಿಲು ಬಡಿದಳು. ಸಂಕೋಚದಿಂದ ನಗುತ್ತ ವನಜಾಳ ಕೈ ಹಿಡಿದುಕೊಂಡಳು. ಮಗಳನ್ನು ಅವಳಿಗೆ ಒಪ್ಪಿಸಿ ತಿರುಗಿ ನೋಡಿದರೆ ಸುಮಿತ್ರಾ ಇರಲಿಲ್ಲ.

ಅವಳು ನನಗಿಂತ ಮೊದಲೇ ಹೋಗಿದ್ದಳು. ನಾನು ಮೂರು ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ನೀಲವ್ವ ಅವಳ ಬೆನ್ನ ಮೇಲಿದ್ದಳು, ಎರಡು ಕೈಗಳನ್ನು ಕೊರಳಿಗೆ ಸುತ್ತಿದ್ದಳು. ಸುಮಿತ್ರಾಳ ಸೀರೆ ಎದೆಯವರೆಗೆ ತೊಯ್ದಿತ್ತು.

"ಇತ್ತ ಕೊಡು, ನಾ ಹೊರತೀನಿ" ಎಂದೆ.

"ಬ್ಯಾಡ್ರಿ" ಎಂದಳು ಸುಮಿತ್ರಾ. "ನನಗೂ ಕೇಳಿಸಿತ್ತು, ಹೋದ ವರ್ಷ."

ಅವಳ ಮುಖ ನೋಡಲು ಆಗಲಿಲ್ಲ. ಒಂದು ವರ್ಷ ಇವಳು ನನ್ನನ್ನು ತೂಗಿ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ. ಇವಳೂ ನನ್ನ ಹಾಗೆಯೇ ಆ ಸದ್ದಿನೊಳಗೆ ಬದುಕಿದ್ದು ನನಗೆ ಹೊಳೆದಿರಲೇ ಇಲ್ಲ.

"ಮತ್ತ ನಾ ಏನ ಮಾಡ್ಲಿ?"

ನೀಲವ್ವ ಬೆನ್ನ ಮೇಲಿಂದಲೇ ಗದ್ದದಿಂದ ಕೋಣೆಯ ಕಡೆ ತೋರಿಸಿದಳು. "ನನ್ನ ಚಪ್ಪಲಿ ಮಂಚದ ಮ್ಯಾಲೆ ಅದಾವ್ರಿ ಮಾಸ್ತರ. ಹೊಸಾವು."

ನಾನು ಒಳಗಿಳಿದೆ. ನೀರು ಎದೆಗೆ ಬಂತು, ಇನ್ನೂ ಏರುತ್ತಿತ್ತು. ಅದು ಎಷ್ಟು ತಣ್ಣಗಿತ್ತು ಎಂದರೆ ಎರಡು ಉಸಿರಿಗೆ ಹಲ್ಲು ಕಟಕಟಿಸಿದವು. ಇದರಲ್ಲಿ ಅವಳು ಒಂದು ತಾಸಿನ ಮೇಲೆ ನಿಂತಿದ್ದಳು. ಮಂಚದ ಮೇಲೆ ಟ್ರಂಕು, ಅದರ ಮೇಲೆ ಸುತ್ತಿದ ಗಾದಿ, ಎಲ್ಲಕ್ಕೂ ಮೇಲೆ ನೀರು ಮುಟ್ಟದ ಹಾಗೆ ಚಪ್ಪಲಿ ಇಟ್ಟಿದ್ದಳು. ಅವನ್ನು ಎತ್ತಿಕೊಂಡೆ. ಕೈಯಲ್ಲಿ ಹಿಡಿದರೆ ತೊಯ್ಯುತ್ತಿದ್ದವು, ತಲೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಒತ್ತಿ ಹಿಡಿದೆ.

ಓಣಿಯಲ್ಲಿ ಆ ಇಬ್ಬರು ಹೆಂಗಸರ ಹಿಂದೆ ನಡೆದೆ. ಅಲ್ಲಲ್ಲಿ ಬಾಗಿಲುಗಳನ್ನು ಬಡಿಯುವ ಸದ್ದು ಕೇಳಿಸುತ್ತಿತ್ತು, ಎಲ್ಲ ಮನೆಗಳಲ್ಲೂ ಅಲ್ಲ. ಕೆಲವರು ತಮ್ಮವರನ್ನೇ ಹಿಡಿದುಕೊಂಡು ಓಡುತ್ತಿದ್ದರು. ಬಾಳಪ್ಪನವರು ತಮ್ಮ ಎಡಗಡೆಯ ಮನೆಯ ಮುಂದೆ ನಿಂತು, ಕೈ ಎತ್ತಿ, ಇಳಿಸಿ, ಮತ್ತೆ ಎತ್ತುತ್ತಿದ್ದರು. ನಮ್ಮನ್ನು ನೋಡಿ ಬಡಿದೇಬಿಟ್ಟರು.

ಟಾಕೀಸಿನ ಮೆಟ್ಟಿಲ ಮೇಲೆ ಊರಿಗೆ ಊರೇ ನಿಂತಿತ್ತು. ಹೋದ ವರ್ಷ ನನಗೆ ಶಾಲು ಹೊದಿಸಿದ್ದ ಜನ. ನನ್ನ ತಲೆಯ ಮೇಲೆ ಏನಿದೆ ಎಂಬುದನ್ನು ಒಬ್ಬೊಬ್ಬರಾಗಿ ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ನನಗೆ ಸುಲಭವಾಗುತ್ತಿತ್ತು. ಸುಮಿತ್ರಾ ನೀಲವ್ವನನ್ನು ಮೇಲಿನ ಮೆಟ್ಟಿಲ ಮೇಲೆ ಕೂರಿಸಿ ಪಕ್ಕಕ್ಕೆ ಸರಿದಳು. ನಾನು ಬಗ್ಗಿ ಚಪ್ಪಲಿಗಳನ್ನು ಅವಳ ಪಾದದ ಹತ್ತಿರ ಇಟ್ಟೆ. ಅವಳು ಒಂದನ್ನು ಎತ್ತಿ, ತಳ ಮುಟ್ಟಿ ನೋಡಿದಳು. ಇನ್ನೊಂದನ್ನೂ ನೋಡಿದಳು.

"ತೊಯ್ದಿಲ್ಲ" ಎಂದಳು. ಕಾಲಿಗೆ ಹಾಕಿಕೊಂಡಳು.